ಶನಿವಾರದವರೆಗೆ ನಿಲ್ಲದ ಜಡೆ

ಶುಕ್ರವಾರ ಶಾಲೆ ಬಿಡುವ ಹೊತ್ತಿಗೆ ಮುಂದಿನ ವಾರದ ಜಡೆ ಯಾವುದೆಂದು ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದರು. ಒಂದು ವಾರ ಬುಟ್ಟಿ ಜಡೆ, ಒಂದು ವಾರ ಚಪ್ಪಾಳೆ ಜಡೆ, ಇನ್ನೊಂದು ವಾರ ಹಂದಿಹೆಡಕಿನ ಜಡೆ. ಸೋಮವಾರ ಬೆಳಿಗ್ಗೆ ಪ್ರಾರ್ಥನೆಯ ಸಾಲಿನಲ್ಲಿ ಎಲ್ಲ ಹುಡುಗಿಯರ ತಲೆಯೂ ಒಂದೇ ತರ ಇರಬೇಕು. ಕೂದಲನ್ನು ಗಿಡ್ಡ ಕತ್ತರಿಸಿಕೊಂಡವರಿಗೆ ಮಾತ್ರ ವಿನಾಯಿತಿ. ಹೀಗಾಗಿ ಅಬೆಯೊಕುಟಾ ಪಟ್ಟಣದ ನಮ್ಮ ಬೀದಿಯಲ್ಲಿ ಶನಿವಾರವೆಂದರೆ ಅಯಿಂಕೆಯ ಜಗಲಿ.

ಅಯಿಂಕೆಗೆ ಆಗ ಐವತ್ತಮೂರು. ಹದಿನಾಲ್ಕನೇ ವಯಸ್ಸಿಗೆ ತಾಯಿಯ ಪಕ್ಕದಲ್ಲಿ ಕೂತು ಜಡೆ ಹಾಕಲು ಕಲಿತವಳು. ಎಡಗೈ ಹೆಬ್ಬೆರಳ ಮೇಲೆ ಜಡೆಗೆ ಸುತ್ತುವ ಕಪ್ಪು ದಾರ ಎಳೆದೆಳೆದು ಒಂದು ಗೀರು ಶಾಶ್ವತವಾಗಿ ಕೂತಿತ್ತು. ಒಂದು ಚಾಪೆ, ಒಂದು ಮೋಟು ಮಣೆ, ಮರದ ಬಾಚಣಿಗೆ, ನೀರಿನ ಬಟ್ಟಲು, ಕಾಡುಕಾಯಿಯಿಂದ ತೆಗೆದ ಹಳದಿ ಬೆಣ್ಣೆಯ ಡಬ್ಬಿ. ಅಷ್ಟೇ ಸಾಮಾನು. ಅವಳ ಕೈಯ ಜಡೆಗೆ ಇದ್ದ ಹೆಸರು ಬಿಗಿಗೆ. ಶನಿವಾರ ಹಾಕಿದ್ದು ಮುಂದಿನ ಶನಿವಾರ ಅವಳೇ ಬಿಚ್ಚುವವರೆಗೆ ಒಂದು ಎಳೆಯೂ ಸಡಿಲವಾಗುತ್ತಿರಲಿಲ್ಲ.

ಡಬ್ಬಿಯ ಪಕ್ಕ ಹುರಿದ ಕಡಲೆಬೀಜದ ಬಟ್ಟಲೂ ಇರುತ್ತಿತ್ತು. ಅಳದೆ ಒಂದು ಸಾಲು ಮುಗಿಸಿದವರಿಗೆ ಒಂದು ಬೀಜ. ಅತ್ತರೆ ಆ ಸಾಲಿನ ಬೀಜ ಅಯಿಂಕೆಯ ಬಾಯಿಗೆ. ಈ ಕಾನೂನು ಅವಳ ತಾಯಿಯ ಕಾಲದ್ದು.

"ತಲೆ ನೆಟ್ಟಗಿಟ್ಕೊ ತೈವೊ. ನಿನ್ ಕುತ್ತಿಗೆ ಏನು ಬೇಯಿಸಿದ ಗೆಣಸಾ?"

"ನೋಯ್ತಿದೆ ದೊಡ್ಡಮ್ಮಾ!"

"ನೋಯ್ದೆ ಚೆಂದ ಎಲ್ಲಿಂದ ಬರುತ್ತೆ? ಆ ಬೊಸೇನ ನೋಡು. ಹದಿಮೂರು ಸಾಲು, ಒಂದು ತೊಟ್ಟು ಕಣ್ಣೀರಿಲ್ಲ."

"ಅವಳ ತಲೆ ಮರದ್ದು," ಎನ್ನುತ್ತಿದ್ದಳು ಬೊಸೆಯ ಶಾಲೆಯ ಗೆಳತಿ ತೈವೊ.

ಬೊಸೆ ಮೂರನೇ ಮನೆಯ ಹುಡುಗಿ. ಆಗ ಒಂಬತ್ತು ವರ್ಷ. ಪೂರ್ತಿ ಹೆಸರು ಅಬೊಸೆದೆ, ವಾರದ ಮೊದಲ ದಿನ ಹುಟ್ಟಿದವಳು. ಅವಳ ಕೂದಲು ಬೀದಿಯಲ್ಲೇ ದಟ್ಟ. ಒಂದು ಎಳೆಯನ್ನು ಎಳೆದು ಹಿಡಿದರೆ ಒಂದು ಗೇಣು, ಬಿಟ್ಟರೆ ಸುರುಳಿ ಸುತ್ತಿಕೊಂಡು ಮೂರು ಬೆರಳು. ಪೂರ್ತಿ ಬಿಚ್ಚಿದರೆ ಬಾಗಿಲ ಚೌಕಟ್ಟಿನ ಎರಡು ಕಡೆಗೂ ತಾಗುತ್ತದೆ ಎಂದು ತೈವೊ ಎಲ್ಲರಿಗೂ ಹೇಳುತ್ತಿದ್ದಳು. ಅಳೆದು ನೋಡದಿದ್ದರೂ ಅದು ಸುಳ್ಳೆಂದು ನಾನು ಹೇಳಬಲ್ಲೆ. ಆದರೆ ಅಯಿಂಕೆಯ ಬಾಚಣಿಗೆಯ ಮೂರು ಹಲ್ಲು ಮುರಿದದ್ದು ಆ ತಲೆಯಲ್ಲೇ ಎಂಬುದು ನಿಜ. ಬಟ್ಟಲಿನ ಬಹುಪಾಲು ಬೀಜವೂ ಬೊಸೆಯದ್ದೇ. ಅಳು ಬಂದಾಗ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂರುತ್ತಿದ್ದಳು. ಆ ಗುಟ್ಟನ್ನು ಅವಳು ತೈವೊಗೂ ಹೇಳಿಕೊಟ್ಟಿರಲಿಲ್ಲ.

ನಾನು ಅಯಿಂಕೆಯ ಎದುರು ಮನೆಯಲ್ಲಿದ್ದೆ. ಊರಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ನನ್ನ ಬಳಿ ಅವಳು ಕೇಳಿದ ಸಹಾಯ ಒಂದೇ ಒಂದು, ಅದೂ ಈ ಕಥೆಗೆ ಸೇರಿದ್ದು.

ಆ ವರ್ಷ ಬಸ್ ನಿಲ್ದಾಣದ ಹತ್ತಿರ ಗಾಜಿನ ಬಾಗಿಲಿನ ಸಲೂನೊಂದು ಶುರುವಾಯಿತು. ಅಲ್ಲಿ ಕ್ರೀಮು ಹಚ್ಚಿ ಸುರುಳಿ ಕೂದಲನ್ನು ನೇರ ಮಾಡುತ್ತಿದ್ದರು. ಹಬ್ಬ, ಮದುವೆ ಎಂದರೆ ತಾಯಂದಿರು ಮಕ್ಕಳನ್ನೂ ಅಲ್ಲಿಗೇ ಕರೆದೊಯ್ಯತೊಡಗಿದರು. ಅಯಿಂಕೆಯ ಜಗಲಿಯಲ್ಲಿ ಚಾಪೆಯ ಅರ್ಧ ಖಾಲಿ ಬೀಳಲು ಎರಡು ತಿಂಗಳು ಸಾಕಾಯಿತು.

ಬೊಸೆಯ ತಾಯಿ ಇತೊಕು ಎಂಬಲ್ಲಿನ ಸಂತೆಯಲ್ಲಿ ನೀಲಿ ಬಣ್ಣದ ಬಟ್ಟೆ ಮಾರುತ್ತಿದ್ದಳು. ಚೊಚ್ಚಲ ಮಗುವಿನ ಹೆಸರಿನಿಂದ ತಾಯಿಯನ್ನು ಕರೆಯುವುದು ವಾಡಿಕೆಯಾದ್ದರಿಂದ ಅವಳು ಎಲ್ಲರ ಬಾಯಲ್ಲಿ ಇಯಾ ಬೊಸೆ. ಹೊರಗೆ ಬಂದರೆ ತಲೆಯ ಮೇಲೆ ವಿಗ್ ಇರಲೇಬೇಕು. ಎಷ್ಟೋ ವರ್ಷಗಳಿಂದ ಅವಳ ಸ್ವಂತ ಕೂದಲನ್ನು ಬೀದಿಯಲ್ಲಿ ಯಾರೂ ಕಂಡಿರಲಿಲ್ಲ. ತಂಗಿಯ ಮದುವೆಗೆ ಎರಡು ದಿನ ಇರುವಾಗ ಅವಳು ಮಗಳ ಕೈ ಹಿಡಿದುಕೊಂಡು ಜಗಲಿಗೆ ಬಂದಳು.

"ಅಕ್ಕಾ, ಇವಳ ಕೂದಲು ಈ ಸಲ ಬೆನ್ನ ಮೇಲೆ ಬೀಳ್ಬೇಕು. ಎಲ್ಲಾ ಮಕ್ಕಳದ್ದೂ ಹಾಗೇ ಇರುತ್ತೆ. ಇವಳೊಬ್ಳು ಕುರಿಮರಿ ತರ ನಿಂತ್ಕೊಳ್ಳೋದು ಬೇಡ. ನಿಮ್ಮ ಕೈಲಿ ಆಗುತ್ತೋ, ಬಸ್ ಸ್ಟ್ಯಾಂಡಿಗೆ ಹೋಗ್ಲೋ?"

"ಈ ಕೂದಲಿಗೆ ಏನಾಗಿದೆ ಇಯಾ ಬೊಸೆ? ದೇವರು ಕೈ ಬಿಚ್ಚಿ ಕೊಟ್ಟ ಬೆಳೆ."

"ಆಗುತ್ತೋ, ಇಲ್ವೋ?"

ಆಗುವುದಿಲ್ಲ ಎಂದು ಅಯಿಂಕೆ ಹೇಳಲಿಲ್ಲ. ಆ ಮಧ್ಯಾಹ್ನವೇ ಪೇಟೆಗೆ ಹೋಗಿ ಒಂದು ಪೆಟ್ಟಿಗೆ ತಂದಳು. ಪೆಟ್ಟಿಗೆಯ ಮೇಲೆ ನಗುವ ಮಗುವಿನ ಚಿತ್ರವಿತ್ತು. ಒಳಗಿನ ಸೂಚನೆಗಳು ಸಣ್ಣ ಇಂಗ್ಲಿಷ್ ಅಕ್ಷರದಲ್ಲಿದ್ದವು. ಅದನ್ನು ಓದಿ ಹೇಳಿ ಎಂದು ನನ್ನ ಬಳಿ ಬಂದಳು. ನಾನು ಓದಿದೆ. ತಲೆಯ ಚರ್ಮಕ್ಕೆ ಮೊದಲು ವ್ಯಾಸಲೀನ್ ಸವರಬೇಕು. ಅದೇ ದಿನ ತಲೆ ಬಾಚಿರಬಾರದು. ಹದಿನೈದು ನಿಮಿಷ ಮೀರಬಾರದು. ಉರಿ ಶುರುವಾದ ಕ್ಷಣವೇ ತೊಳೆಯಬೇಕು. ಒಂದೊಂದಕ್ಕೂ ಅಯಿಂಕೆ ದಾರದಲ್ಲಿ ಒಂದೊಂದು ಗಂಟು ಹಾಕಿಕೊಂಡಳು. ಆ ಕ್ರೀಮಿನಲ್ಲಿರುವುದು ಸಾಬೂನು ಮಾಡುವ ಕ್ಷಾರವೇ ಎಂದೂ, ಸುರುಳಿಯನ್ನು ಹಿಡಿದಿಟ್ಟ ಕೊಂಡಿಗಳನ್ನು ಅದು ಕತ್ತರಿಸುತ್ತದೆ ಎಂದೂ ನಾನು ವಿವರಿಸಿದೆ. ಕೂದಲು ಎಲ್ಲಿ ಮುಗಿದು ಚರ್ಮ ಎಲ್ಲಿ ಶುರುವಾಗುತ್ತದೆಂಬುದು ಕ್ಷಾರಕ್ಕೆ ತಿಳಿಯದು ಎಂಬ ಮಾತನ್ನೂ ಸೇರಿಸಬೇಕಿತ್ತು.

ಮರುದಿನ ಸಂಜೆ ಬೊಸೆಯನ್ನು ಮಣೆಯ ಮೇಲೆ ಕೂರಿಸಿದರು. ಹಳೆಯ ಜಡೆಯನ್ನು ಬೆಳಿಗ್ಗೆಯೇ ಬಿಚ್ಚಿ, ಗಂಟು ಬಿಡಿಸಲು ಇಯಾ ಬೊಸೆ ಗಟ್ಟಿಯಾಗಿ ಬಾಚಿದ್ದಳು. ಬಾಚಣಿಗೆಯ ಹಲ್ಲು ನೆತ್ತಿಯಲ್ಲಿ ಗೀರಿದ್ದು ಯಾರ ಕಣ್ಣಿಗೂ ಬೀಳಲಿಲ್ಲ. ದಾರದ ಎರಡನೇ ಗಂಟು, ಅದೇ ದಿನ ಬಾಚಬಾರದೆಂಬುದು, ಆಗಲೇ ಬಿಚ್ಚಿಹೋಗಿತ್ತು.

"ಉರಿದ್ರೆ ಹೇಳು ಮಗಾ," ಎಂದಳು ಅಯಿಂಕೆ, ಕ್ರೀಮು ಹಚ್ಚಿ ಗೋಡೆ ಗಡಿಯಾರ ನೋಡುತ್ತಾ.

ಬೊಸೆ ತಲೆಯಾಡಿಸಿದಳು. ಐದು ನಿಮಿಷ, ಎಂಟು ನಿಮಿಷ. ಅಯಿಂಕೆ ಮತ್ತೆ ಕೇಳಿದಳು, "ಉರೀತಿದ್ಯಾ?" ಬೊಸೆ ಇಲ್ಲವೆಂದಳು. ಎರಡೂ ಅಂಗೈ ತೊಡೆಯ ಕೆಳಗಿದ್ದವು. ಹದಿಮೂರನೇ ನಿಮಿಷಕ್ಕೆ ಅಯಿಂಕೆ ತೊಳೆಯಲು ನೀರು ಹಾಕಿದಳು. ನೊರೆಯ ಜೊತೆ ನೆತ್ತಿಯ ಕೂದಲು ಅವಳ ಬೆರಳಿಗೆ ಸುತ್ತಿಕೊಂಡು ಬಂತು. ಕೆಳಗೆ ಚರ್ಮ ಕೆಂಪಗೆ, ಅಂಗೈಯಷ್ಟು ಅಗಲಕ್ಕೆ.

ಅಯಿಂಕೆಯ ಕೈ ನಿಂತಿತು. ಬೊಸೆ ತಿರುಗಿ ನೋಡಿದಳು. ಕಣ್ಣು ತುಂಬಿತ್ತು, ಕೆಳಗೆ ಬಿದ್ದಿರಲಿಲ್ಲ.

"ನಾನು ಅತ್ತಿಲ್ಲ ದೊಡ್ಡಮ್ಮ. ಎಷ್ಟು ಬೀಜ?"

ನಮ್ಮಲ್ಲಿ ರೂಢಿ, ತಲೆಯಿಂದ ಉದುರಿದ್ದನ್ನು ಆ ತಲೆಯವರ ಮನೆಗೇ ಕಳಿಸಬೇಕು. ಒಂದು ಎಳೆಯನ್ನೂ ಜಗಲಿಯಲ್ಲಿ ಬಿಡುವಂತಿಲ್ಲ. ಯಾರ ಕೈಗೆ ಸಿಕ್ಕಿ ಏನಾಗುತ್ತದೋ ಯಾರು ಬಲ್ಲರು. ಪ್ರತಿ ಶನಿವಾರ ಬಾಚಣಿಗೆಯಿಂದ ಬಂದ ನಾಲ್ಕೆಳೆಯನ್ನು ಮಡಿಸಿ ಕೊಡುತ್ತಿದ್ದ ಅಯಿಂಕೆ, ಅಂದು ಹಳೇ ಪತ್ರಿಕೆಯ ಪೂರ್ತಿ ಹಾಳೆಯಲ್ಲಿ ಕಟ್ಟಿದಳು. ಮಗಳನ್ನು ದವಾಖಾನೆಯಲ್ಲಿ ತೋರಿಸಿಕೊಂಡು ಬಂದ ಇಯಾ ಬೊಸೆಗೆ ಅದನ್ನು ಎರಡೂ ಕೈಯಿಂದ ಕೊಟ್ಟಳು. ಇಯಾ ಬೊಸೆ ಬೀದಿಯಲ್ಲೇ ಪೊಟ್ಟಣ ಬಿಚ್ಚಿದಳು.

"ನಾನು ನಿಮ್ಮ ಕೈಗೆ ಕೊಟ್ಟಿದ್ದು ಮಗಳ ತಲೆ ಅಕ್ಕಾ! ನೀವು ವಾಪಸ್ ಕೊಟ್ಟಿದ್ದು ಪೊಟ್ಟಣ!"

"ತಪ್ಪು ನಂದು."

"ತಪ್ಪು ನಿಮ್ದು ಅಂತ ಬೀದಿಗೆಲ್ಲ ಗೊತ್ತು. ನೆತ್ತಿ ಮಧ್ಯ ಕೂದಲು ಬರುತ್ತೋ ಇಲ್ವೋ ಅಂತ ಆ ನರ್ಸಮ್ಮನಿಗೂ ಗೊತ್ತಿಲ್ಲ. ಇನ್ನು ಇವಳ ತಲೆ ಮುಟ್ಟಿದ್ರೆ ನೋಡಿ!"

ದವಾಖಾನೆಯಲ್ಲಿ ಬೊಸೆಯ ಕೂದಲನ್ನೆಲ್ಲ ಸಮನಾಗಿ ಕತ್ತರಿಸಿದ್ದರು. ಮದುವೆಗೆ ಅವಳು ತಲೆಗೆ ಬಟ್ಟೆ ಕಟ್ಟಿಕೊಂಡು ಹೋದಳು. ಗಾಯ ಮಾಯಲು ಮೂರು ವಾರ ಹಿಡಿಯಿತು. ಆಮೇಲೆ ಶಾಲೆಗೆ ಹೋಗುವಾಗ ಅಯಿಂಕೆಯ ಜಗಲಿಯನ್ನು ದಾಟುತ್ತಿದ್ದಳು, ಆದರೆ ಮಂಡಿಯೂರುತ್ತಿರಲಿಲ್ಲ. ಹಿರಿಯರನ್ನು ಕಂಡು ಮಂಡಿ ಬಗ್ಗಿಸದ ಹೆಣ್ಣುಮಗು ನಮ್ಮ ಬೀದಿಯಲ್ಲಿ ಬೇರೆ ಇರಲಿಲ್ಲ. ಯಾರೂ ಅವಳನ್ನು ಬೈಯಲಿಲ್ಲ. ಅಯಿಂಕೆಯೇ ಬೈಯಬೇಡಿ ಎಂದಿದ್ದಳು.

"ಕ್ರೀಮು ಸುಟ್ಟಿದ್ದು ಚರ್ಮ," ಎಂದು ಒಂದು ಸಂಜೆ ನನ್ನ ಮೆಟ್ಟಿಲ ಮೇಲೆ ಕೂತು ಹೇಳಿದಳು. "ಬಾಯಿಗೆ ಬೀಗ ಹಾಕಿದ್ದು ನಾನು. ಒಂದೊಂದೇ ಬೀಜ ಕೊಟ್ಟು, ಐದು ವರ್ಷದಿಂದ. ಕೂದಲು ಬರುತ್ತೆ, ಬರ್ದೇನೂ ಇರಬಹುದು. ಆ ಮಗು ಇನ್ನೊಂದು ಸಲ ನನ್ನ ಮೊಣಕಾಲ ಮಧ್ಯ ಬಂದು ಕೂರುತ್ತಾ? ಅದೊಂದು ಹೇಳಿ."

ಆ ಕಾಗದ ಓದುವಾಗ, ಉರಿದರೆ ತೊಳೆಯಬೇಕೆಂಬ ನಾಲ್ಕನೆಯ ಸೂಚನೆ ಮಾತ್ರ ಗಡಿಯಾರವನ್ನಲ್ಲ, ತಲೆಯ ಒಡತಿಯ ಬಾಯಿಯನ್ನು ನಂಬಿದೆ ಎಂಬುದು ನನಗೂ ಹೊಳೆದಿರಲಿಲ್ಲ.

ಅಯಿಂಕೆ ಪ್ರತಿ ಸಂಜೆ ಹಳದಿ ಬೆಣ್ಣೆಯ ಡಬ್ಬಿ ಹಿಡಿದು ಮೂರನೇ ಮನೆಗೆ ಹೋಗತೊಡಗಿದಳು. ಬಾಗಿಲು ಮುಚ್ಚಿರುತ್ತಿತ್ತು. ಡಬ್ಬಿಯನ್ನು ಹೊಸ್ತಿಲ ಮೇಲಿಟ್ಟು ಬರುತ್ತಿದ್ದಳು, ಮರುದಿನ ಅದು ಯಾರೂ ಮುಟ್ಟದೆ ಅಲ್ಲೇ ಇರುತ್ತಿತ್ತು. ಎಂಟನೇ ಸಂಜೆ ಬಾಗಿಲು ತೆರೆಯಿತು.

"ಹುಟ್ಟಿದ ಕೂದಲು ಕೈಗೆ ಗರಗಸದ ಹಾಗೆ ಸಿಗ್ತಿದೆ. ಏನು ಮಾಡ್ಲಿ?" ಎಂದಳು ಇಯಾ ಬೊಸೆ, ಸಿಡುಕಿನಲ್ಲೇ.

"ನಾನು ಒಳಗೆ ಬರಲ್ಲ. ಇಲ್ಲೇ ಕೂತ್ಕೊಂಡು ಹೇಳ್ತೀನಿ. ನೀನು ಮಾಡು."

ಅಯಿಂಕೆ ಹೊಸ್ತಿಲಾಚೆ ಕೂತು ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡಳು. ಮೂವತ್ತನಾಲ್ಕು ವರ್ಷದ ಇಯಾ ಬೊಸೆಗೆ ಸುರುಳಿ ಕೂದಲನ್ನು ಹೇಗೆ ಮುಟ್ಟಬೇಕೆಂಬುದೇ ತಿಳಿಯದು.

"ಒಣಗಿದ್ದಾಗ ಬಾಚ್ಬೇಡ. ನೀರು. ಇನ್ನೂ ನೀರು. ಅವಳೇನು ಬಟ್ಟೆನಾ, ಬಣ್ಣ ಬಿಡ್ತಾಳೆ ಅನ್ನೋಕೆ? ಹಾಂ. ಈಗ ಬೆಣ್ಣೆ ಅಂಗೈಲಿ ಕರಗಿಸ್ಕೊ. ಅಷ್ಟಲ್ಲ ತಾಯೀ, ನೀನು ಯಾಮ್ ಗೆಡ್ಡೆ ಹುರೀತಿಲ್ಲ! ಬೆರಳಲ್ಲಿ ತುದಿಯಿಂದ ಬಿಡಿಸ್ತಾ ಬಾ. ಬುಡದಿಂದ ಎಳೆದ್ರೆ ಗಂಟು ಗಟ್ಟಿ ಆಗುತ್ತೆ."

"ಅಮ್ಮ, ತುದಿಯಿಂದ ಅಂದ್ರು," ಎಂದಿತು ಒಳಗಿನಿಂದ ಬೊಸೆಯ ದನಿ. ಅಯಿಂಕೆ ತಲೆ ಎತ್ತಲಿಲ್ಲ. ಅವತ್ತು ಬೊಸೆ ಆಡಿದ್ದು ಅಷ್ಟೇ.

ತಿಂಗಳ ಮೊದಲ ದಿನ ಇಯಾ ಬೊಸೆ ಮಗಳ ಹೊಸ ಕೂದಲಿನ ಒಂದು ಎಳೆಯನ್ನು ನೆಟ್ಟಗೆ ಎಳೆದು, ಅಷ್ಟೇ ಉದ್ದದ ಕಪ್ಪು ದಾರ ಕತ್ತರಿಸಿ ಹೊಸ್ತಿಲಾಚೆ ಕೊಡುತ್ತಿದ್ದಳು. ಅಯಿಂಕೆ ಅದನ್ನು ತನ್ನ ಜಗಲಿಯ ಕಂಬಕ್ಕೆ ಅಂಟಿಸುತ್ತಿದ್ದಳು. ಮೊದಲನೆಯದು ಅಕ್ಕಿ ಕಾಳಿಗಿಂತ ತುಸು ಉದ್ದ. ನಾನೊಮ್ಮೆ ಅಳತೆಪಟ್ಟಿ ಇಟ್ಟು ನೋಡಿದೆ. ತಿಂಗಳಿಗೆ ಹನ್ನೊಂದು ಮಿಲಿಮೀಟರ್, ಕೆಲವು ತಿಂಗಳು ಹನ್ನೆರಡು. ಏಳನೇ ತಿಂಗಳು ಮಾತ್ರ ಒಂಬತ್ತೇ ಏರಿತ್ತು.

"ಕೂದಲು ಸರಿಯಾಗೇ ಬೆಳೆದಿದೆ," ಎಂದಳು ಅಯಿಂಕೆ. "ಇಯಾ ಬೊಸೆ ಕತ್ತರಿ ಹಿಡಿದಾಗ ಸಂತೆ ಕಡೆ ನೋಡ್ತಿದ್ಳು."

ಸುಟ್ಟ ಜಾಗವೂ ಅಂಚಿನಿಂದ ಒಳಕ್ಕೆ ತುಂಬುತ್ತ ಬಂತು. ಕೊನೆಗೆ ನೆತ್ತಿಯ ನಡುವೆ ಸೋಡಾ ಬಾಟಲಿಯ ಮುಚ್ಚಳದಷ್ಟು ಜಾಗ ಬೋಳಾಗಿ ಉಳಿಯಿತು. ಅಲ್ಲಿ ಕೂದಲು ಬರಲೇ ಇಲ್ಲ.

ಶಾಲೆಯಲ್ಲಿ ತೈವೊ ಅವಳಿಗೆ ನಾಣ್ಯ ಎಂದು ಹೆಸರಿಟ್ಟಳು. ಬೊಸೆ ಹಿಂತಿರುಗಿ, "ನಾಣ್ಯ ನನ್ನ ತಲೆ ಮೇಲಾದ್ರೂ ಇದೆ, ನಿನ್ ಜೇಬಲ್ಲೂ ಇಲ್ಲ," ಎಂದಳಂತೆ. ಅದನ್ನು ಇಯಾ ಬೊಸೆ ಹೊಸ್ತಿಲ ಬಳಿ ನಗುತ್ತ ಹೇಳಿದಳು. ಅಯಿಂಕೆಗೆ ನಗು ಬರಲಿಲ್ಲ.

ಎಂಟನೇ ತಿಂಗಳ ಒಂದು ಸಂಜೆ ಇಯಾ ಬೊಸೆ ಬಾಗಿಲನ್ನು ಅರ್ಧ ಮುಚ್ಚಿ, ವಿಗ್ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಅಕ್ಕಾ, ಇದಕ್ಕೂ ಬೆಣ್ಣೆ ಹಚ್ಚಬಹುದಾ?"

ಹಣೆಯಿಂದ ಕಿವಿಯವರೆಗೆ ಎರಡು ಬೆರಳಗಲ ಬೋಳು ಹೊಳೆಯುತ್ತಿತ್ತು. ಹಿಂದೆ ಉಳಿದ ಕೂದಲು ತೆಳ್ಳಗೆ, ಕಂದು ಬಣ್ಣಕ್ಕೆ ತಿರುಗಿತ್ತು.

"ಇದು ಕ್ರೀಮಿಂದಾನಾ?" ಎಂದಳು ಅಯಿಂಕೆ.

"ಹಿಂದಿಂದು ಕ್ರೀಮಿಂದು. ಮುಂದಿಂದು ಅದಕ್ಕೂ ಮುಂಚೆ ಹೋಗಿತ್ತು, ಶಾಲೆಗೆ ಹೋಗ್ತಿದ್ದಾಗ್ಲೇ." ಇಯಾ ಬೊಸೆ ಮಡಿಲಿನ ವಿಗ್ ನೇವರಿಸುತ್ತ ಹೇಳಿದಳು, "ಆಗ ನನಗೆ ಜಡೆ ಹಾಕ್ತಿದ್ದಿದ್ದು ನೀವೇ ಅಲ್ವಾ? ನನಗೂ ತುಂಬಾ ಬೀಜ ಸಿಗ್ತಿತ್ತು."

ಕೂದಲಿನ ಬುಡವನ್ನು ವರ್ಷಗಟ್ಟಲೆ ಎಳೆದರೆ ಅದು ಚಿಗುರುವುದನ್ನು ನಿಲ್ಲಿಸುತ್ತದೆ. ಇದು ವೈದ್ಯರಿಗೆ ಗೊತ್ತಿರುವ ವಿಷಯವೇ. ಆದರೆ ಅಯಿಂಕೆಯ ಹೆಸರೇ ಆ ಬಿಗಿಯ ಮೇಲೆ ನಿಂತಿತ್ತು. ಮರುದಿನದಿಂದ ಅವಳು ಬೀದಿಯ ಹೆಂಗಸರು ಎದುರಾದಾಗ ಮೊದಲು ಮುಖ ನೋಡುತ್ತಿರಲಿಲ್ಲ, ಕಿವಿಯ ಮೇಲಿನ ಅಂಚನ್ನು ನೋಡುತ್ತಿದ್ದಳು. ಹನ್ನೊಂದು ಜನರ ಅಂಚಿನ ಕೂದಲು ಹೋಗಿದೆ ಎಂದು ನನಗೆ ಹೇಳಿದಳು. ಅವರಲ್ಲಿ ಏಳು ಜನ ಅವಳ ಚಾಪೆಯಲ್ಲಿ ಬೆಳೆದವರು.

ಆ ಶನಿವಾರ ಬೀಜದ ಬಟ್ಟಲನ್ನು ಪಕ್ಕಕ್ಕಿಟ್ಟುಕೊಳ್ಳದೆ ಚಾಪೆಯ ನಡುವೆ ಇಟ್ಟಳು. ಯಾರು ಬೇಕಾದರೂ ತಿನ್ನಬಹುದು.

"ಮತ್ತೆ ಗೆದ್ದೋರು ಯಾರು?" ಎಂದು ತೈವೊ ಜಗಳಕ್ಕೆ ನಿಂತಳು.

"ಇಲ್ಲಿ ಜಡೆ ಹಾಕ್ತಾರೆ. ಗೆಲ್ಲೋಕೆ ಓಟದ ಮೈದಾನಕ್ಕೆ ಹೋಗು."

ಹತ್ತನೇ ದಾರ ಐದು ಬೆರಳು ಮೀರಿದ ತಿಂಗಳಿನ ಒಂದು ಶುಕ್ರವಾರ ಶಾಲೆಯ ಹಲಗೆಯ ಮೇಲೆ ಬುಟ್ಟಿ ಜಡೆ ಎಂದು ಬರೆದರು. ಸುತ್ತಲಿನ ಸಾಲುಗಳೆಲ್ಲ ಮೇಲಕ್ಕೇರಿ ನೆತ್ತಿಯ ಮೇಲೆ ಗೊಂಚಲಾಗಿ ಸೇರುವ ಜಡೆ ಅದು. ಗಿಡ್ಡ ಕೂದಲಿನ ವಿನಾಯಿತಿ ಬೊಸೆಗೆ ಇನ್ನೂ ಇತ್ತು. ಅಯಿಂಕೆ ಏನನ್ನೂ ಕೇಳಲಿಲ್ಲ, ಹೇಳಿ ಕಳಿಸಲಿಲ್ಲ.

ಶನಿವಾರ ಬೆಳಿಗ್ಗೆ ಬೊಸೆ ಒಬ್ಬಳೇ ಬಂದಳು. ಜಗಲಿಯ ಕೆಳಗೆ ನಿಂತು ಕಂಬದ ದಾರಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ಮಂಡಿ ಬಗ್ಗಿಸಿದಳು, ಅರ್ಧ.

"ಬುಟ್ಟಿ ಹಾಕಿದ್ರೆ ಇದು ಮುಚ್ಚುತ್ತಾ?" ಎಂದು ನೆತ್ತಿ ಮುಟ್ಟಿ ತೋರಿಸಿದಳು.

"ಮುಚ್ಚುತ್ತೆ. ಗೊಂಚಲು ಅದರ ಮೇಲೇ ಬರುತ್ತೆ. ಅಮ್ಮನ ಕೈಲಿ ಹಾಕಿಸ್ಕೊ, ನಾನು ಅಲ್ಲೇ ಕೂತು ಹೇಳ್ತೀನಿ."

"ಅಮ್ಮನಿಗೆ ಸಾಲು ಹಾಕೋಕೆ ಬರಲ್ಲ. ನನ್ನ ತಲೇಲಿ ಅವಳ ಗೆರೆ ಆನೆ ನಡೆದ ಹಾದಿ ಆಗುತ್ತೆ." ಮಣೆಯನ್ನು ಕಾಲಿಂದ ಸರಿಸಿದಳು. "ನೋವಾದ್ರೆ ಹೇಳ್ತೀನಿ."

"ಹೇಳ್ಲೇಬೇಕು."

"ಹೇಳಿದ್ರೆ ನಿಲ್ಲಿಸ್ಬೇಕು."

"ಬಿಚ್ಚೇ ಬಿಡ್ತೀನಿ."

ಬೊಸೆ ಕೂತಳು. ಅಯಿಂಕೆ ಕೈಗೆ ನೀರು ಹಚ್ಚಿ, ಬೆಣ್ಣೆ ಕರಗಿಸಿ, ಕಿವಿಯ ಮೇಲೆ ಮೊದಲ ಗೆರೆ ತೆಗೆದಳು. ಆ ಗೆರೆಯನ್ನು ಅಳಿಸಿ ಮತ್ತೆ ತೆಗೆದದ್ದನ್ನು ನಾನು ಎದುರು ಮನೆಯಿಂದಲೇ ಕಂಡೆ. ಮೂರು ಹೆಣಿಗೆ ಆಗುವಷ್ಟರಲ್ಲಿ ಬೊಸೆ, "ನೋವು," ಎಂದಳು. ಅಯಿಂಕೆ ಬಿಚ್ಚಿ, ಸಡಿಲವಾಗಿ ಹಾಕಿದಳು. "ನೋವು." ಮತ್ತೆ ಬಿಚ್ಚಿದಳು. ಮೂರನೇ ಸಲ "ನೋವು" ಎಂದದ್ದು ಖಂಡಿತ ಸುಳ್ಳು. ಅಯಿಂಕೆಯ ಬೆರಳು ಆಗ ಕೂದಲನ್ನು ಮುಟ್ಟಿಯೇ ಇರಲಿಲ್ಲ.

"ಅಯ್ಯೋ, ಮರದ ತಲೆಗೆ ನೋವಂತೆ!" ಎಂದಳು ತೈವೊ, ಬಾಯಿ ತುಂಬ ಬೀಜ ಇಟ್ಟುಕೊಂಡು.

ಆ ಸುಳ್ಳಿಗೂ ಅಯಿಂಕೆ ಬಿಚ್ಚಿದಳು. ಒಂದು ಗಂಟೆಯ ಕೆಲಸ ಮಧ್ಯಾಹ್ನ ಊಟದ ಹೊತ್ತಿನವರೆಗೆ ಎಳೆಯಿತು. ಕೊನೆಯ ನಾಲ್ಕು ಸಾಲಿಗೆ ಬೊಸೆ ಏನೂ ಹೇಳಲಿಲ್ಲ. ಅಯಿಂಕೆ ಕೈ ತಡೆದು, ಬಗ್ಗಿ ಅವಳ ತೊಡೆಯ ಕಡೆ ನೋಡಿದಳು. ಅಂಗೈಗಳು ಮೇಲಿದ್ದವು, ಬೀಜದ ಸಿಪ್ಪೆ ಸುಲಿಯುತ್ತಿದ್ದವು.

ಆ ಬುಟ್ಟಿ ಅಯಿಂಕೆಯ ಹೆಸರಿಗೆ ತಕ್ಕದ್ದಾಗಿರಲಿಲ್ಲ. ಅಂಚುಗಳು ಉಬ್ಬಿಕೊಂಡಿದ್ದವು, ಗೊಂಚಲು ಒಂದು ಕಡೆಗೆ ವಾಲುತ್ತಿತ್ತು. ಆದರೆ ಸೋಮವಾರದ ಸಾಲಿನಲ್ಲಿ ಬೊಸೆಯನ್ನು ಯಾರೂ ಹೊರಗೆ ಕಳಿಸಲಿಲ್ಲ. ಅಯಿಂಕೆಯ ಕೈ ಸಡಿಲವಾಯಿತು, ವಯಸ್ಸಾಯಿತು ಎಂದು ಇಬ್ಬರು ತಾಯಂದಿರು ಆಡಿಕೊಂಡು ಮಕ್ಕಳನ್ನು ಬೇರೆ ಕಡೆ ಕರೆದೊಯ್ದರು. ಅವಳು ಅವರನ್ನು ಕರೆಯಲು ಹೋಗಲಿಲ್ಲ.

ಬುಧವಾರ ಶಾಲೆ ಬಿಟ್ಟ ಹೊತ್ತಿನಲ್ಲಿ ಬೊಸೆ ಓಡುತ್ತ ಬಂದಳು. ಗೊಂಚಲು ಪೂರ್ತಿ ಬಿಚ್ಚಿಕೊಂಡು, ನಾಲ್ಕು ಬೆರಳುದ್ದದ ಕೂದಲು ದಿಕ್ಕುದಿಕ್ಕಿಗೆ ನಿಂತಿತ್ತು. ನಡುವಿನ ಬೋಳು ಬಿಸಿಲಿಗೆ ಕಾಣುತ್ತಿತ್ತು, ಅವಳ ಕೈ ಅದನ್ನು ಮುಚ್ಚಿರಲಿಲ್ಲ.

"ದೊಡ್ಡಮ್ಮಾ, ನಿಮ್ಮ ಜಡೆ ನಾಲ್ಕೇ ದಿನ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು. ಚೀಲ ಎಸೆದು, ಪೂರ್ತಿ ಮಂಡಿಯೂರಿ ಎದ್ದು, ಮಣೆ ಎಳೆದುಕೊಂಡು ಅಯಿಂಕೆಗೆ ಬೆನ್ನು ಮಾಡಿ ಕೂತಳು.

"ನಾಲ್ಕು ದಿನ ಬಂತಾ?" ಎಂದಳು ಅಯಿಂಕೆ, ಬಾಚಣಿಗೆ ಹುಡುಕುತ್ತ. "ನಾನು ಮೂರೇ ಅಂದ್ಕೊಂಡಿದ್ದೆ."